ಟ್ಯಾಂಕಿನಿಂದ ಶುರುವಾದ ಆಯ್ಕೆ: ದಾಸರಹಳ್ಳಿಯ ಒಂದು ಮನೆಗೆ ವಾಷಿಂಗ್ ಮೆಷಿನ್

ಇದು ನನ್ನ ಅಕ್ಕನ ಮನೆಯ ವಿಷಯ. ಬೆಂಗಳೂರಿನ ದಾಸರಹಳ್ಳಿ ಕಡೆ ಅವರ ಸ್ವಂತ ಮನೆ. ನೆಲಮಹಡಿಯನ್ನು ಬಾಡಿಗೆಗೆ ಕೊಟ್ಟು ಮೊದಲನೇ ಮಹಡಿಯಲ್ಲಿ ತಾವಿದ್ದಾರೆ. ಅದರ ಮೇಲೆ ಟೆರೇಸು, ಟೆರೇಸಿನಲ್ಲಿ ನೀರಿನ ಟ್ಯಾಂಕು. ಮನೆಯಲ್ಲಿ ಐದು ಜನ: ಅಕ್ಕ, ಭಾವ, ಶಾಲೆಗೆ ಹೋಗುವ ಇಬ್ಬರು ಮಕ್ಕಳು, ಬಾಗಲಕೋಟೆ ಕಡೆಯಿಂದ ಬಂದು ಇಲ್ಲೇ ಇರುವ ಅಕ್ಕನ ಅತ್ತೆ. ಭಾವ ಪೀಣ್ಯದ ಒಂದು ಮೆಷಿನ್ ಶಾಪ್‌ನಲ್ಲಿ ಶಿಫ್ಟ್ ಕೆಲಸ ಮಾಡುತ್ತಾರೆ. ಅವರ ಯೂನಿಫಾರಂ ಮೇಲೆ ದಿನಾ ಎಣ್ಣೆ, ಕೂಲೆಂಟ್, ಕಬ್ಬಿಣದ ಕಪ್ಪು.

ಹಳೆಯ ಸೆಮಿ ಆಟೋಮ್ಯಾಟಿಕ್ ಮೆಷಿನ್‌ನ ಹಿಂಡುವ ಡ್ರಮ್ ಕೈಕೊಟ್ಟಿತ್ತು. ಒಗೆಯುವ ಕಡೆ ಇನ್ನೂ ಚೆನ್ನಾಗಿಯೇ ಇತ್ತು. ಆದರೆ ಒದ್ದೆ ಬಟ್ಟೆಯನ್ನು ಎತ್ತಿ, ಕೈಯಲ್ಲಿ ಹಿಂಡಿ, ಮತ್ತೆ ಜಾಲಾಡಿಸಿ ಒಣಹಾಕುವಷ್ಟರಲ್ಲಿ ಅಕ್ಕನ ಸೊಂಟ ಹಿಡಿದುಕೊಳ್ಳುತ್ತಿತ್ತು. ಹೊಸದು ಬೇಕು ಅನ್ನುವುದರಲ್ಲಿ ಯಾರಿಗೂ ತಕರಾರಿರಲಿಲ್ಲ. ಯಾವುದು ಅನ್ನುವುದರಲ್ಲಿ ಮಾತ್ರ ಒಬ್ಬೊಬ್ಬರದು ಒಂದೊಂದು ಮಾತು. ಭಾವನಿಗೆ ಮೇಲಿನಿಂದ ಬಟ್ಟೆ ಹಾಕುವ ಟಾಪ್ ಲೋಡ್ ಸಾಕು, ಬೆಲೆ ಕಡಿಮೆ. ದೊಡ್ಡ ಮಗಳಿಗೆ ಮುಂದಿನ ಬಾಗಿಲಿನಿಂದ ಹಾಕುವ ಫ್ರಂಟ್ ಲೋಡ್ ಬೇಕು. ಅತ್ತೆಗೆ ಸೆಮಿ ಆಟೋಮ್ಯಾಟಿಕ್ಕೇ ಆಗಬೇಕು, ಯಾಕೆಂದರೆ ಅದರಲ್ಲಿ ಒಂದೇ ಸೋಪಿನ ನೀರಿನಲ್ಲಿ ಮೊದಲು ಬಿಳಿ ಬಟ್ಟೆ, ಆಮೇಲೆ ಬಣ್ಣದ್ದು, ಕೊನೆಗೆ ಕಾಲೊರೆಸು ಹಾಕಬಹುದು. ನೀರಿನ ಬೆಲೆ ಗೊತ್ತಿದ್ದವರು ಆಡುವ ಮಾತು ಇದು. 2024ರ ಬೇಸಿಗೆಯಲ್ಲಿ ಅವರ ಬೀದಿಯ ಬೋರ್‌ವೆಲ್‌ಗಳು ಒಂದಾದ ಮೇಲೊಂದು ನಿಂತವು. ಆ ಮಾರ್ಚ್‌ನಲ್ಲಿ ಜಿಲ್ಲಾಡಳಿತ ಟ್ಯಾಂಕರ್ ನೀರಿಗೆ ದರದ ಮಿತಿ ಹಾಕಬೇಕಾಯಿತು. ಐದು ಕಿಲೋಮೀಟರ್ ಒಳಗೆ 12,000 ಲೀಟರಿಗೆ 1,000 ರೂಪಾಯಿ ಅಂತ ನಿಗದಿಯಾಯಿತು. ಅದನ್ನು ಕಂಡ ಮನೆಯಲ್ಲಿ ನೀರಿನ ಲೆಕ್ಕ ಬಿಟ್ಟು ಮೆಷಿನ್ ಆರಿಸುವ ಹಾಗಿಲ್ಲ.

ಶೋರೂಮಿಗೆ ಹೋಗುವ ಮೊದಲು ಮನೆಯನ್ನೇ ಒಂದು ಸಲ ಅಳೆಯೋಣ ಅಂತ ನಾನು ಹೇಳಿದೆ. ಶೋರೂಮಿನವರು ಡ್ರಮ್ ತೋರಿಸುತ್ತಾರೆ, ಬಾಗಿಲು ತೋರಿಸುತ್ತಾರೆ, ಫೋನಿನಿಂದ ನಡೆಸುವ ಆ್ಯಪ್ ತೋರಿಸುತ್ತಾರೆ. ನಿಮ್ಮ ನಲ್ಲಿಯಲ್ಲಿ ನೀರು ಎಷ್ಟು ಜೋರಾಗಿ ಬರುತ್ತದೆ ಅಂತ ಅಲ್ಲಿ ಯಾರೂ ಕೇಳುವುದಿಲ್ಲ. ಈ ಮನೆಯಲ್ಲಿ ನಿಜವಾಗಿ ತೀರ್ಮಾನ ಮಾಡಿದ್ದು ಅದೇ.

ನೀರಿನ ಒತ್ತಡ

ಎಲ್ಲ ಫುಲ್ಲಿ ಆಟೋಮ್ಯಾಟಿಕ್ ಮೆಷಿನ್‌ಗಳ ಕೈಪಿಡಿಯಲ್ಲೂ ಕನಿಷ್ಠ ನೀರಿನ ಒತ್ತಡ ಇಷ್ಟಿರಬೇಕು ಅಂತ ಒಂದು ಸಾಲು ಇರುತ್ತದೆ. ಅದನ್ನು ಓದುವವರು ಕಡಿಮೆ. ಕೆಲವು ಮಾಡೆಲ್‌ಗೆ 0.03 ಮೆಗಾಪಾಸ್ಕಲ್ (ಒತ್ತಡ ಅಳೆಯುವ ಮಾನ) ಸಾಕು, ಕೆಲವಕ್ಕೆ 0.05 ಬೇಕು. ಲೆಕ್ಕ ತುಂಬ ಸುಲಭ. ಟ್ಯಾಂಕಿನ ನೀರು ನಲ್ಲಿಗಿಂತ ಹತ್ತು ಮೀಟರ್ ಮೇಲಿದ್ದರೆ ಒತ್ತಡ ಸುಮಾರು 0.1 ಮೆಗಾಪಾಸ್ಕಲ್. ಮೂರು ಮೀಟರ್ ಮೇಲಿದ್ದರೆ 0.03. ಐದು ಮೀಟರ್ ಇದ್ದರೆ 0.05.

ಅಕ್ಕನ ಮನೆ ಮೇಲಿನ ಮಹಡಿ, ತೊಂದರೆ ಅಲ್ಲೇ ಇತ್ತು. ಮೆಷಿನ್ ಇಡುವ ಯುಟಿಲಿಟಿಯ ನೆಲದಿಂದ ಟೆರೇಸಿಗೆ ಮೂರು ಮೀಟರ್. ನಲ್ಲಿ ಇರುವುದು ನೆಲದಿಂದ ಒಂದು ಮೀಟರ್ ಮೇಲೆ. ಟ್ಯಾಂಕನ್ನು ಒಂದೇ ಸಾಲು ಕಾಂಕ್ರೀಟ್ ಬ್ಲಾಕ್ ಮೇಲೆ ಕೂರಿಸಿದ್ದಾರೆ. ಅಂದರೆ ಟ್ಯಾಂಕಿನ ತಳದಿಂದ ನಲ್ಲಿಗೆ 2.2 ಮೀಟರ್. ಟ್ಯಾಂಕು ತುಂಬಿದ್ದಾಗ ಮೂರು ಮೀಟರ್ ದಾಟಬಹುದು, ಅರ್ಧಕ್ಕೆ ಇಳಿದರೆ ಇಲ್ಲ. ಕೆಳಗಿನ ಬಾಡಿಗೆ ಮನೆಗೆ ಈ ತಾಪತ್ರಯವೇ ಇಲ್ಲ, ಅವರಿಗೆ ಇನ್ನೂ ಮೂರು ಮೀಟರ್ ಜಾಸ್ತಿ ಎತ್ತರ ಸಿಗುತ್ತದೆ. ಪಕ್ಕದ ಮನೆಯವರ ಮೆಷಿನ್ ಚೆನ್ನಾಗಿ ನಡೆಯುತ್ತಿದೆ ಅಂತ ಅದೇ ಮಾಡೆಲ್ ತರುವವರು ಆ ಮೆಷಿನ್ ಯಾವ ಮಹಡಿಯಲ್ಲಿದೆ ಅಂತಲೂ ಕೇಳಬೇಕು.

ಒತ್ತಡ ಸಾಲದಿದ್ದರೆ ಏನಾಗುತ್ತದೆ? ನೀರು ಒಳಗೆ ಬಿಡುವ ವಾಲ್ವ್ ಸರಿಯಾಗಿ ಕೆಲಸ ಮಾಡುವುದಿಲ್ಲ, ನೀರು ತೊಟ್ಟಿಕ್ಕುತ್ತದೆ. ಇಷ್ಟು ಹೊತ್ತಿನಲ್ಲಿ ಇಷ್ಟು ನೀರು ಬರಬೇಕು ಅಂತ ಮೆಷಿನ್ ಲೆಕ್ಕ ಇಟ್ಟುಕೊಂಡಿರುತ್ತದೆ. ಬರದಿದ್ದರೆ ಎರರ್ ತೋರಿಸಿ ನಿಂತುಬಿಡುತ್ತದೆ. ಮೆಷಿನ್ ಕೆಟ್ಟಿದೆ ಅಂತ ಜನ ಸರ್ವಿಸ್‌ನವರನ್ನು ಕರೆಯುತ್ತಾರೆ. ಅವರು ಬಂದು ನೋಡಿ, ನೀರಿನ ಪ್ರೆಷರ್ ಇಲ್ಲ ಅಂತ ಹೇಳಿ ಹೋಗುತ್ತಾರೆ.

ಸೆಮಿ ಆಟೋಮ್ಯಾಟಿಕ್‌ಗೆ ಇದರ ಗೋಜಿಲ್ಲ. ಬಕೆಟ್‌ನಲ್ಲಿ ಸುರಿದರೂ ನಡೆಯುತ್ತದೆ. ನೀರು ಹೊತ್ತಿಗೆ ಬರದ ಊರುಗಳಲ್ಲಿ ಅದು ಇನ್ನೂ ಮಾರಾಟವಾಗುವುದಕ್ಕೆ ಬೆಲೆಯ ಜೊತೆಗೆ ಇದೂ ಕಾರಣ.

ನೀರಿನ ಗಡಸು

ಎರಡನೇ ಪ್ರಶ್ನೆ ನೀರು ಎಂಥದ್ದು ಅನ್ನುವುದು. ಈ ಮನೆಗೆ ಎರಡು ನೀರು. ಕಾವೇರಿ ನೀರು ವಾರಕ್ಕೆ ಎರಡು ದಿನ ಸಂಪಿಗೆ ಬರುತ್ತದೆ. ಬೋರ್ ನೀರು ನೇರವಾಗಿ ಟ್ಯಾಂಕಿಗೆ ಏರುತ್ತದೆ. ಸಂಪಿನ ಕಾವೇರಿ ನೀರನ್ನೂ ಅದೇ ಟ್ಯಾಂಕಿಗೆ ಏರಿಸುತ್ತಿದ್ದರು. ಹಾಗಾಗಿ ಮನೆಯ ನಲ್ಲಿಗಳಲ್ಲೆಲ್ಲ ಬೆರಕೆ ನೀರು.

ಆರ್‌ಒ ಮಾರುವವರು ಟಿಡಿಎಸ್ ಮೀಟರ್ ಅದ್ದಿ ಒಂದು ಸಂಖ್ಯೆ ತೋರಿಸುತ್ತಾರಲ್ಲ, ಅದರಿಂದ ಗಡಸುತನ ಗೊತ್ತಾಗುವುದಿಲ್ಲ. ಅದು ನೀರಿನಲ್ಲಿ ಕರಗಿದ ಲವಣಗಳನ್ನೆಲ್ಲ ಒಟ್ಟಿಗೆ ಅಂದಾಜು ಮಾಡುತ್ತದೆ. ಮೆಷಿನ್‌ಗೂ ಬಟ್ಟೆಗೂ ತೊಂದರೆ ಕೊಡುವುದು ಅದರಲ್ಲಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ. ಅದಕ್ಕೆ ಹನಿ ಹಾಕಿ ಬಣ್ಣ ಬದಲಾಗುವವರೆಗೆ ಎಣಿಸುವ ಸಣ್ಣ ಕಿಟ್ ಸಿಗುತ್ತದೆ. ಅಕ್ವೇರಿಯಂ ಸಾಮಾನು ಮಾರುವ ಅಂಗಡಿಯಲ್ಲೂ ಸಿಗುತ್ತದೆ. ಅದನ್ನು ತಂದು ನೋಡಿದೆವು. ಸಂಪಿನ ಕಾವೇರಿ ನೀರು ಲೀಟರಿಗೆ 150 ಮಿಲಿಗ್ರಾಂ ಒಳಗೇ ಇತ್ತು. ಬೋರ್ ನೀರು 600ರ ಆಸುಪಾಸು. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಪ್ರಕಾರ ಗಡಸುತನ 200ರ ಒಳಗಿದ್ದರೆ ಒಳ್ಳೆಯದು. ಬೇರೆ ನೀರೇ ಇಲ್ಲದ ಕಡೆ 600ರವರೆಗೆ ಒಪ್ಪಬಹುದು. ಅಂದರೆ ಈ ಬೋರ್ ನೀರು ಆ ಕೊನೆಯ ಗೆರೆಯ ಮೇಲೇ ನಿಂತಿದೆ.

ಮನೆಯಲ್ಲಿ ವರ್ಷಗಳಿಂದ ಕೇಳಿಬರುತ್ತಿದ್ದ ದೂರುಗಳಿಗೆಲ್ಲ ಅಲ್ಲೇ ಉತ್ತರ ಸಿಕ್ಕಿತು. ಮಕ್ಕಳ ಬಿಳಿ ಶರ್ಟ್ ಬೂದು ಬಣ್ಣಕ್ಕೆ ತಿರುಗುವುದು. ಒಣಗಿದ ಟವೆಲ್ ಹಪ್ಪಳದ ಹಾಗೆ ಸೆಟೆದು ನಿಲ್ಲುವುದು. ಎಷ್ಟು ಪೌಡರ್ ಹಾಕಿದರೂ ನೊರೆ ಬಾರದಿರುವುದು. ಗಡಸು ನೀರು ಸೋಪಿನ ಪಾಲನ್ನು ತಾನೇ ತಿಂದು, ಅದನ್ನು ಜಿಗುಟು ಗಸಿ ಮಾಡಿ ಬಟ್ಟೆಗೆ ಅಂಟಿಸುತ್ತದೆ. ಇನ್ನು ಹೀಟರ್ ಇರುವ ಮೆಷಿನ್‌ಗೆ ಇನ್ನೊಂದು ಕಾಟ. ನೀರು ಕಾದಾಗ ಅದರಲ್ಲಿ ಕರಗಿದ್ದ ಸುಣ್ಣ ಬೇರ್ಪಟ್ಟು ಹೀಟರ್ ಕೊಳವೆಯ ಮೇಲೆ ಗಟ್ಟಿಯಾಗಿ ಕೂರುತ್ತದೆ. ಗೀಸರ್ ಬಿಚ್ಚಿದಾಗ ಒಳಗೆ ಬಿಳಿ ಚಕ್ಕೆ ನೋಡಿದವರಿಗೆ ಇದು ಗೊತ್ತು. ಆ ಪದರ ದಪ್ಪವಾದಷ್ಟೂ ಶಾಖ ನೀರಿಗೆ ದಾಟುವುದಿಲ್ಲ, ಕೊನೆಗೆ ಹೀಟರ್ ಸುಟ್ಟುಹೋಗುತ್ತದೆ.

ಒಂದು ಅಂಗಡಿಯಲ್ಲಿ ನಲ್ಲಿಗೆ ಸಿಕ್ಕಿಸುವ ಸಣ್ಣ ಫಿಲ್ಟರ್ ತೋರಿಸಿ, ಇದನ್ನು ಹಾಕಿದರೆ ಗಡಸು ನೀರು ಮೆದುವಾಗುತ್ತದೆ ಅಂದರು. ಅಂಥ ಫಿಲ್ಟರ್‌ಗಳ ಒಳಗೆ ಸಾಮಾನ್ಯವಾಗಿ ಇರುವುದು ಪಾಲಿಫಾಸ್ಫೇಟ್ ಹರಳು. ಅದು ಸುಣ್ಣ ಅಂಟಿಕೊಳ್ಳುವುದನ್ನು ಒಂದಿಷ್ಟು ತಡೆಯುತ್ತದೆ, ಸರಿ. ಆದರೆ ಕ್ಯಾಲ್ಸಿಯಂ ಅನ್ನು ನೀರಿನಿಂದ ತೆಗೆಯುವುದಿಲ್ಲ. ನಿಜವಾಗಿ ಮೆದು ಮಾಡುವುದು ಉಪ್ಪು ಹಾಕಿ ತೊಳೆಯುತ್ತಾ ಇರಬೇಕಾದ ರೆಸಿನ್ ಸಾಫ್ಟನರ್. ಅದಕ್ಕೆ ಜಾಗ ಬೇಕು, ದುಡ್ಡು ಬೇಕು, ತೊಳೆಯಲು ಮತ್ತೆ ನೀರು ಬೇಕು. ನೀರಿಗೇ ಪರದಾಡುವ ಮನೆಗೆ ಅದು ಹೊಂದುವುದಿಲ್ಲ.

ಪ್ಲಂಬರ್ ಕೊಟ್ಟ ದಾರಿ

ಬಗೆಹರಿದದ್ದು ಟೆರೇಸಿನ ಮೇಲೆ. ಹಳೆಯ 500 ಲೀಟರ್ ಟ್ಯಾಂಕೊಂದು ಅಲ್ಲಿ ಸುಮ್ನೆ ಬಿದ್ದಿತ್ತು. ಆ ಬೀದಿಯಲ್ಲೇ ಬೆಳೆದ ಪ್ಲಂಬರ್ ಅದನ್ನು ನೋಡಿ ಹೇಳಿದರು: ಸಂಪಿನಿಂದ ಬರುವ ಪೈಪಿಗೆ ಒಂದು ಟಿ ಹಾಕಿ, ವಾಲ್ವ್ ಇಟ್ಟು, ಕಾವೇರಿ ನೀರನ್ನು ಈ ಸಣ್ಣ ಟ್ಯಾಂಕಿಗೆ ಮಾತ್ರ ತಿರುಗಿಸೋಣ. ಅದರಿಂದ ಎರಡೇ ಸಂಪರ್ಕ ಕೆಳಗಿಳಿಸೋಣ, ಒಂದು ಅಡುಗೆಮನೆಗೆ, ಒಂದು ಮೆಷಿನ್‌ಗೆ. ಸ್ನಾನ, ಟಾಯ್ಲೆಟ್, ಗಿಡ ಎಲ್ಲ ದೊಡ್ಡ ಟ್ಯಾಂಕಿನ ನೀರಿನಲ್ಲೇ ಇರಲಿ.

ಟ್ಯಾಂಕು ಹೊಸ ಜಾಗಕ್ಕೆ ಹೋಗುವುದೇ ಆದರೆ ಎತ್ತರವನ್ನೂ ಕೊಡೋಣ ಅಂತ ಆರು ಅಡಿಯ ಕಬ್ಬಿಣದ ಸ್ಟ್ಯಾಂಡ್ ಮಾಡಿಸಿದೆವು. ಕೆಳಗೆ ಕಂಬ ಇರುವ ಮೂಲೆ ನೋಡಿ ಅದರ ಮೇಲೇ ಕೂರಿಸಿದರು. 500 ಲೀಟರ್ ನೀರು ಅಂದರೆ ಅರ್ಧ ಟನ್ ತೂಕ, ಅದನ್ನು ಸ್ಲ್ಯಾಬಿನ ನಡುವೆ ಇಡುವುದು ಬೇಡ. ಈಗ ಟ್ಯಾಂಕಿನ ತಳದಿಂದ ನಲ್ಲಿಗೆ 3.8 ಮೀಟರ್. ಖಾಲಿಯಾಗುವ ಹೊತ್ತಿನಲ್ಲೂ 0.038 ಮೆಗಾಪಾಸ್ಕಲ್, ತುಂಬಿದಾಗ 0.045ರ ಮೇಲೆ. ಪೈಪನ್ನೂ ಹಳೆಯ ತುಕ್ಕು ಹಿಡಿದ ಅರ್ಧ ಇಂಚಿನ ಬದಲು ಮುಕ್ಕಾಲು ಇಂಚಿನ ಸಿಪಿವಿಸಿ (ಪ್ಲಾಸ್ಟಿಕ್) ಮಾಡಿದರು. ಮೊದಲು ಹತ್ತು ಲೀಟರ್ ಬಕೆಟ್ ತುಂಬಲು ಎರಡು ನಿಮಿಷಕ್ಕೂ ಜಾಸ್ತಿ ಬೇಕಿತ್ತು. ಈಗ ಒಂದು ನಿಮಿಷದೊಳಗೆ ತುಂಬುತ್ತದೆ.

ಪ್ರೆಷರ್ ಪಂಪ್ ಹಾಕಿಸಬಹುದಿತ್ತು. ಆದರೆ ಅದಕ್ಕೂ ಕರೆಂಟು ಬೇಕು, ಸದ್ದು ಬೇರೆ, ಕೆಡುವ ವಸ್ತು ಇನ್ನೊಂದು ಜಾಸ್ತಿಯಾಗುತ್ತದೆ. ಎತ್ತರಕ್ಕೆ ಇದ್ಯಾವುದೂ ಇಲ್ಲ. ಮೆಷಿನ್‌ಗೆ ಎತ್ತಿಟ್ಟ ದುಡ್ಡಿನಲ್ಲಿ ಒಂದು ಭಾಗವನ್ನು ನೀರಿನ ಕೆಲಸಕ್ಕೆ ತಿರುಗಿಸಿದ್ದೇ ಈ ಇಡೀ ವ್ಯವಹಾರದ ಅತ್ಯುತ್ತಮ ತೀರ್ಮಾನ ಅಂತ ನಾನು ಈಗಲೂ ಹೇಳುತ್ತೇನೆ.

ಯಾವ ಬಗೆ, ಎಷ್ಟು ಕೆಜಿ

ನೀರು ಸರಿಹೋದ ಮೇಲೆ ಆಯ್ಕೆ ಬೇಗ ಕಿರಿದಾಯಿತು. ಭಾವನ ಯೂನಿಫಾರಂಗೆ ಬಿಸಿನೀರು ಬೇಕೇ ಬೇಕು. ಎಣ್ಣೆಯ ಜಿಡ್ಡು ತಣ್ಣೀರಿಗೆ ಬಿಡುವುದಿಲ್ಲ. ಹೀಟರ್ ಇರುವ ಟಾಪ್ ಲೋಡ್‌ಗಳೂ ಇವೆ, ಆದರೆ ಅವು ಬಟ್ಟೆ ಮುಳುಗುವಷ್ಟು ನೀರು ತುಂಬಿಕೊಂಡು ಅಷ್ಟನ್ನೂ ಕಾಯಿಸಬೇಕು. ಫ್ರಂಟ್ ಲೋಡ್‌ನಲ್ಲಿ ಬಟ್ಟೆ ನೀರಿನಲ್ಲಿ ಮುಳುಗುವುದಿಲ್ಲ, ಡ್ರಮ್ ಅದನ್ನು ಎತ್ತಿ ಎತ್ತಿ ಬೀಳಿಸುತ್ತದೆ. ಒಗೆಯುವ ಹಂತಕ್ಕೆ 15 ಲೀಟರಿನಷ್ಟು ನೀರು ಸಾಕು. ಜಾಲಾಡಿಸುವುದೂ ಸೇರಿ ಒಂದು ಸರದಿಗೆ 50–60 ಲೀಟರ್. ಟಾಪ್ ಲೋಡ್‌ಗೆ ಅದರ ಎರಡು ಪಟ್ಟು ಸುಲಭವಾಗಿ ಹೋಗುತ್ತದೆ. 500 ಲೀಟರ್ ಟ್ಯಾಂಕನ್ನು ನಂಬಿದ ಮನೆಗೆ ಇಷ್ಟೇ ಲೆಕ್ಕ ಸಾಕಾಯಿತು. ಅತ್ತೆಯವರೂ ಒಪ್ಪಿದ್ದು ಈ ಲೆಕ್ಕಕ್ಕೇ.

ಕೆಜಿ ವಿಷಯದಲ್ಲಿ ಅಂಗಡಿಯವರು ಐದು ಜನಕ್ಕೆ ಎಂಟು ಕೆಜಿ ಅಥವಾ ಒಂಬತ್ತು ಅನ್ನುತ್ತಿದ್ದರು. ನಾವು ಸೂಟ್‌ಕೇಸ್ ತೂಗುವ ತಕ್ಕಡಿಗೆ ಚೀಲ ನೇತುಹಾಕಿ ಬಟ್ಟೆ ತೂಗಿದೆವು. ಮೆಷಿನ್ ಮೇಲೆ ಬರೆದ ಕೆಜಿ ಒಣಬಟ್ಟೆಯ ತೂಕ. ಭಾವನ ಒಂದು ಜೊತೆ ಯೂನಿಫಾರಂ ಹತ್ತಿರ ಹತ್ತಿರ ಒಂದು ಕೆಜಿ. ಡಬಲ್ ಬೆಡ್‌ಶೀಟ್ 800 ಗ್ರಾಂ. ಸ್ನಾನದ ಟವೆಲ್ 400. ದಿನಕ್ಕೆ ಎಲ್ಲ ಸೇರಿ ಮೂರೂವರೆ ಕೆಜಿ ಆಗುತ್ತಿತ್ತು. ಆದರೆ ಎಣ್ಣೆಯ ಬಟ್ಟೆಯನ್ನು ಮಕ್ಕಳ ಬಿಳಿ ಶರ್ಟಿನ ಜೊತೆ ಹಾಕುವ ಹಾಗಿಲ್ಲ. ಹೀಗೆ ಬೇರೆ ಬೇರೆ ಮಾಡಿ ಒಗೆಯುವ ಮನೆಗೆ ಡ್ರಮ್ ದೊಡ್ಡದಿದ್ದು ಲಾಭವಿಲ್ಲ. ಏಳು ಕೆಜಿ ಅಂತ ತೀರ್ಮಾನಿಸಿದೆವು. ಒಂದು ಮಾತು ನೆನಪಿಡಬೇಕು: ಆ ಏಳು ಕೆಜಿ ಕಾಟನ್ ಪ್ರೋಗ್ರಾಂಗೆ ಮಾತ್ರ. ಸಿಂಥೆಟಿಕ್‌ಗೆ ಅದರ ಅರ್ಧ, 15 ನಿಮಿಷದ ಕ್ವಿಕ್ ವಾಷ್‌ಗೆ ಎರಡು ಕೆಜಿ ಆಸುಪಾಸು. ತುಂಬಿಸಿ ಕ್ವಿಕ್ ವಾಷ್ ಒತ್ತಿ, ಕೊಳೆ ಹೋಗಲಿಲ್ಲ ಅಂತ ಮೆಷಿನ್ ಬೈಯುವವರು ತುಂಬ ಜನ ಇದ್ದಾರೆ.

ಕರೆಂಟಿನ ಬಗ್ಗೆ ಅಕ್ಕನಿಗೆ ಒಂದು ಅಳುಕಿತ್ತು. ಗೃಹಜ್ಯೋತಿಯಲ್ಲಿ ಅವರಿಗೆ ಸೊನ್ನೆ ಬಿಲ್ ಬರುತ್ತದೆ, ಹೀಟರಿನಿಂದ ಅದು ತಪ್ಪಿಹೋದರೆ? ಅದನ್ನೂ ಲೆಕ್ಕ ಹಾಕಿದೆವು. 15 ಲೀಟರ್ ನೀರನ್ನು 25 ಡಿಗ್ರಿಯಿಂದ 60ಕ್ಕೆ ಕಾಯಿಸಲು 0.6 ಯೂನಿಟ್, 40ಕ್ಕೆ ಆದರೆ ಕಾಲು ಯೂನಿಟ್. ಮೋಟಾರಿಗೆ ಅದರ ಮೇಲೆ ಸ್ವಲ್ಪ. ವಾರಕ್ಕೆ ಎರಡು ಸಲ ಯೂನಿಫಾರಂಗೆ ಬಿಸಿನೀರು, ಉಳಿದದ್ದೆಲ್ಲ ತಣ್ಣೀರು ಅಂದರೆ ತಿಂಗಳಿಗೆ ಒಂಬತ್ತು, ಹತ್ತು ಯೂನಿಟ್. ಆ ಯೋಜನೆಯಲ್ಲಿ ಅವರ ಮನೆಗೆ ಇರುವ ಉಚಿತ ಯೂನಿಟ್ ಮಿತಿಯೊಳಗೆ ಅಷ್ಟು ಜಾಗವಿತ್ತು. ಇಲ್ಲದಿದ್ದರೂ, ಒಟ್ಟು 200 ಯೂನಿಟ್ ದಾಟದಿದ್ದರೆ ಮಿತಿ ಮೀರಿದಷ್ಟಕ್ಕೆ ಮಾತ್ರ ಕಟ್ಟಬೇಕು. ದಾಟಿದರೆ ಪೂರ್ತಿ ಬಿಲ್.

ಸಾಕೆಟ್ ಮಾತ್ರ ಬದಲಾಯಿಸಲೇಬೇಕಾಯಿತು. ಯುಟಿಲಿಟಿಯಲ್ಲಿ ಇದ್ದದ್ದು ಆರು ಆಂಪಿಯರ್ ಪಾಯಿಂಟ್. ಎರಡು ಕಿಲೋವ್ಯಾಟ್ ಹೀಟರ್ ಒಂಬತ್ತು ಆಂಪಿಯರ್ ಹತ್ತಿರ ಎಳೆಯುತ್ತದೆ. ಎಲೆಕ್ಟ್ರಿಷಿಯನ್ 2.5 ಚದರ ಮಿಲಿಮೀಟರ್ ತಾಮ್ರದ ವೈರ್ ಬೇರೆಯಾಗಿ ಎಳೆದು, 16 ಆಂಪಿಯರ್ ಸಾಕೆಟ್ ಕೂರಿಸಿ, ಅರ್ಥಿಂಗ್ ನೋಡಿ ಕೊಟ್ಟರು. ಒದ್ದೆ ಕೈಯಲ್ಲಿ ಮುಟ್ಟುವ ಯಂತ್ರ ಅದು. ಎಕ್ಸ್‌ಟೆನ್ಷನ್ ಬೋರ್ಡಿನಲ್ಲಿ ನಡೆಸುವುದು ಬೇಡವೇ ಬೇಡ.

ಕೊಂಡದ್ದು, ಕೂರಿಸಿದ್ದು

ಕೊನೆಗೆ ಉಳಿದದ್ದು ಎರಡು ಮಾಡೆಲ್. ಬೆಲೆ, ನೋಟ, ವಾರಂಟಿ ಎಲ್ಲ ಹತ್ತಿರ ಹತ್ತಿರ. ಒಂದಕ್ಕೆ 0.05 ಮೆಗಾಪಾಸ್ಕಲ್ ಬೇಕಿತ್ತು, ಇನ್ನೊಂದಕ್ಕೆ 0.03. ನಮ್ಮ ಟ್ಯಾಂಕು ಕೊಡುವುದು ಎಷ್ಟು ಅಂತ ಕೈಯಲ್ಲಿ ಬರೆದುಕೊಂಡು ಹೋಗಿದ್ದೆವಲ್ಲ, ಎರಡನೆಯದನ್ನು ತೆಗೆದುಕೊಂಡೆವು. ಹೆಸರು ಬರೆಯುತ್ತಿಲ್ಲ. ಮಾಡೆಲ್‌ಗಳು ವರ್ಷ ವರ್ಷ ಬದಲಾಗುತ್ತವೆ, ಇನ್ನೊಬ್ಬರ ಟ್ಯಾಂಕಿಗೆ ಇನ್ನೊಂದು ಸರಿ.

ವೈಫೈ, ಸ್ಟೀಮ್ ಇರುವುದಕ್ಕೆ ಕೇಳುತ್ತಿದ್ದ ಹೆಚ್ಚಿನ ದುಡ್ಡು ಬೇಡ ಅಂದೆವು. ಹತ್ತು ವರ್ಷದ ವಾರಂಟಿ ಅಂತ ದೊಡ್ಡಕ್ಷರದಲ್ಲಿ ಇರುವುದು ಮೋಟಾರಿಗೆ ಮಾತ್ರ, ಅದರಲ್ಲೂ ಸಾಮಾನ್ಯವಾಗಿ ಬಿಡಿಭಾಗಕ್ಕೆ ಮಾತ್ರ. ಇಡೀ ಮೆಷಿನ್‌ಗೆ ಎಷ್ಟು ವರ್ಷ, ಅದರಲ್ಲಿ ಸರ್ಕ್ಯೂಟ್ ಬೋರ್ಡ್ ಸೇರಿದೆಯಾ ಅಂತ ಕೇಳಬೇಕು. ಮೋಟಾರಿಗಿಂತ ಮೊದಲು ಕೆಡುವುದು ಹೆಚ್ಚಾಗಿ ಬೋರ್ಡೇ. ಇಲಿ ವೈರ್ ಕಡಿದರೆ ವಾರಂಟಿ ಸಿಗುವುದಿಲ್ಲ ಅಂತ ಕಾರ್ಡಿನ ಸಣ್ಣ ಅಕ್ಷರದಲ್ಲಿತ್ತು, ಆದ್ದರಿಂದ ತಳಕ್ಕೆ ಜಾಲರಿ ಹಾಕಿಸಿದೆವು. ನೋ ಕಾಸ್ಟ್ ಇಎಂಐ ಅಂದದ್ದಕ್ಕೆ ಪ್ರೋಸೆಸಿಂಗ್ ಫೀ ಇತ್ತು, ಬಡ್ಡಿಯ ಮೇಲಿನ ಜಿಎಸ್‌ಟಿ ಬೇರೆ. ಅದನ್ನು ಕೂಡಿಸಿ ನೋಡಿ ಭಾವ ಪೂರ್ತಿ ಹಣ ಕಟ್ಟಿದರು. ಮೆಷಿನ್‌ಗೆ 28,000 ರೂಪಾಯಿ ಆಯಿತು. ಸ್ಟ್ಯಾಂಡು, ಪೈಪು, ಪ್ಲಂಬರ್, ಎಲೆಕ್ಟ್ರಿಷಿಯನ್ ಸೇರಿ 11,000 ಹತ್ತಿರ.

ಕೂರಿಸಲು ಬಂದ ಹುಡುಗ ಕೆಲಸ ಗೊತ್ತಿದ್ದವನು. ಮೊದಲು ಹಿಂದಿನ ಟ್ರಾನ್ಸಿಟ್ ಬೋಲ್ಟ್‌ಗಳನ್ನು ಬಿಚ್ಚಿ ಅಕ್ಕನ ಕೈಗೆ ಕೊಟ್ಟ. ಸಾಗಿಸುವಾಗ ಡ್ರಮ್ ಅಲ್ಲಾಡದ ಹಾಗೆ ಹಿಡಿದಿಡುವ ಬೋಲ್ಟ್ ಅವು. ಬಿಚ್ಚದೆ ಓಡಿಸಿದರೆ ಮೆಷಿನ್ ಕುಣಿದು ಒಳಗೆಲ್ಲ ಹಾಳಾಗುತ್ತದೆ. ಮನೆ ಬದಲಾಯಿಸುವಾಗ ಮತ್ತೆ ಬೇಕಾಗುತ್ತವೆ, ಬಿಸಾಕಬಾರದು. ಯುಟಿಲಿಟಿಯ ನೆಲ ಮೋರಿಯ ಕಡೆ ಇಳಿಜಾರು. ಅವನು ಮಟ್ಟಗೋಲು ಇಟ್ಟು ನಾಲ್ಕು ಕಾಲನ್ನೂ ತಿರುಗಿಸಿ ಸಮ ಮಾಡಿದ. ಮಳೆಯ ಎರಚಲು ತಾಗದಂತೆ ಗ್ರಿಲ್‌ಗೆ ಭಾವ ಶೀಟ್ ಹೊಡೆಸಿದ್ದಾರೆ.

ಬಳಕೆಯಲ್ಲಿ ಅಕ್ಕ ಬದಲಾಯಿಸಬೇಕಾದ ಮುಖ್ಯ ಅಭ್ಯಾಸ ಸೀಮೆಎಣ್ಣೆ. ಯೂನಿಫಾರಂ ಜಿಡ್ಡಿಗೆ ಸೀಮೆಎಣ್ಣೆ ಅಥವಾ ಪೆಟ್ರೋಲ್ ತಿಕ್ಕುವ ರೂಢಿ ಈ ಕಡೆ ಇದೆ. ಅಂಥ ಬಟ್ಟೆ ಮೆಷಿನ್ ಒಳಗೆ ಹೋದರೆ ಬೆಂಕಿಯ ಅಪಾಯ, ಕೈಪಿಡಿಯಲ್ಲೇ ಬೇಡ ಅಂತ ಬರೆದಿದೆ. ಈಗ ಪಾತ್ರೆ ತೊಳೆಯುವ ಲಿಕ್ವಿಡ್ ಹಚ್ಚಿ, ಅರ್ಧ ಗಂಟೆ ಬಿಟ್ಟು, ತಿಕ್ಕಿ ಜಾಲಾಡಿಸಿ, ಆಮೇಲೆ 60 ಡಿಗ್ರಿಗೆ ಹಾಕುತ್ತಾರೆ. ಕಾಲರ್ ಮತ್ತು ತೋಳಿನ ಕಪ್ಪು ಪೂರ್ತಿ ಅಲ್ಲದಿದ್ದರೂ ಮುಕ್ಕಾಲು ಹೋಗುತ್ತದೆ. ಡಿಟರ್ಜೆಂಟ್ ಮೊದಲಿನ ಅರ್ಧ ಸಾಕಾಗಿದೆ. ಅತ್ತೆಯವರ ಇಳಕಲ್ ಸೀರೆ ಮಾತ್ರ ಇವತ್ತಿಗೂ ಕೈಯಲ್ಲೇ, ಬಣ್ಣ ಬಿಡುವ ಬಟ್ಟೆಗೆ ಅದೇ ಸರಿ.

ಹಳೆಯ ಮೆಷಿನ್‌ಗೆ ಎಕ್ಸ್‌ಚೇಂಜ್‌ನಲ್ಲಿ ಸಾವಿರ ರೂಪಾಯಿ ಕೊಡುತ್ತೇವೆ ಅಂದಿದ್ದರು. ಅತ್ತೆ ಕೊಡಲು ಬಿಡಲಿಲ್ಲ. ಅದು ಈಗ ಟೆರೇಸಿನ ನೆರಳಿನಲ್ಲಿದೆ. ಹೊಸ ಮೆಷಿನ್‌ನ ನೀರು ಹೊರಹೋಗುವ ಪೈಪನ್ನು ಮೋರಿಯ ಬದಲು ನೀರು ಹಿಡಿಯುವ ಒಂದು ಡ್ರಮ್ಮಿನ ಬಾಯಿಗೆ ಕಟ್ಟಿದ್ದಾರೆ. ಪೈಪಿನ ತುದಿ ನೀರಿನಲ್ಲಿ ಮುಳುಗದಂತೆ ಎತ್ತರದಲ್ಲಿ ಕಟ್ಟಬೇಕು, ಇಲ್ಲದಿದ್ದರೆ ಕೊಳೆ ನೀರು ವಾಪಸ್ ಮೆಷಿನ್‌ಗೆ ಎಳೆದುಕೊಳ್ಳಬಹುದು. ಕೊನೆಯ ಜಾಲಾಟದ ನೀರು ತಿಳಿಯಾಗಿರುತ್ತದೆ. ಅದರಲ್ಲಿ ಕಾಲೊರೆಸು, ಮನೆ ಒರೆಸುವ ಬಟ್ಟೆ ಒಗೆದು, ಉಳಿದದ್ದನ್ನು ಟಾಯ್ಲೆಟ್‌ಗೆ ಸುರಿಯುತ್ತಾರೆ. ಅತ್ತೆ ಮೊದಲ ದಿನ ಕೇಳಿದ್ದು ಇಷ್ಟನ್ನೇ ಅಲ್ವಾ.

ಕಾವೇರಿ ನೀರು ವಾರಗಟ್ಟಲೆ ಬಾರದಿದ್ದಾಗ ಏನು ಮಾಡಬೇಕು ಅನ್ನುವುದನ್ನೂ ಮನೆಯಲ್ಲಿ ಮಾತಾಡಿಕೊಂಡಿದ್ದಾರೆ. ಬೋರ್ ಪೈಪಿಗೂ ಒಂದು ವಾಲ್ವ್ ಇದೆ, ಸಣ್ಣ ಟ್ಯಾಂಕಿಗೆ ಅದನ್ನೂ ತಿರುಗಿಸಬಹುದು. ಆ ದಿನಗಳಲ್ಲಿ ಹೀಟರ್ ಹಾಕುವುದಿಲ್ಲ, ತಣ್ಣೀರಿನಲ್ಲೇ ಒಗೆಯುತ್ತಾರೆ, ಯೂನಿಫಾರಂಗೆ ಗ್ಯಾಸ್ ಮೇಲೆ ನೀರು ಕಾಯಿಸಿ ಬಕೆಟ್‌ನಲ್ಲಿ ನೆನೆಸುತ್ತಾರೆ. ನೀರು ಒಳಗೆ ಬರುವ ಪೈಪಿನ ಜಾಲರಿಯಲ್ಲಿ ಬೋರ್‌ನ ಮರಳು ಕೂರುವುದರಿಂದ ಅದನ್ನು ಬಿಚ್ಚಿ ತೊಳೆಯುವ ಕೆಲಸ ಮಗಳದು. ಸುಣ್ಣ ತೆಗೆಯುವ ಪುಡಿಯನ್ನು ಕೈಪಿಡಿ ಹೇಳಿದ ಅಳತೆಯಲ್ಲಿ ಹಾಕಿ ಖಾಲಿ ಡ್ರಮ್ ಓಡಿಸುವುದು ಭಾವನ ಪಾಲಿಗೆ ಬಂದಿದೆ. ಬಿಲ್, ವಾರಂಟಿ ಕಾರ್ಡ್, ಟ್ರಾನ್ಸಿಟ್ ಬೋಲ್ಟ್ ಮೂರನ್ನೂ ಒಂದೇ ಡಬ್ಬಿಯಲ್ಲಿಟ್ಟು, ಮುಚ್ಚಳದ ಮೇಲೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ 1915 ಅನ್ನೂ ಅಕ್ಕ ಬರೆದಿಟ್ಟಿದ್ದಾಳೆ.